ತಳಕ್ಕೆ ಕೈ ಹಾಕುವ ವೈನಿ

ಅಣ್ಣನ ಹೆಂಡತಿ, ನಮ್ಮ ವೈನಿಯ ಬಲಗೈ ತೋರುಬೆರಳಿನ ತುದಿ ಕೊಂಚ ಚಪ್ಪಟೆ. ಮದುವೆಯಾಗಿ ಅಥಣಿಗೆ ಬಂದ ವರ್ಷವೇ ದ್ರಾಕ್ಷಿ ಗೊಂಚಲು ಬಿಡಿಸುವಾಗ ಕತ್ತರಿಗೆ ಸಿಕ್ಕ ಬೆರಳು ಅದು. ಆಮೇಲೆ ಕೀಬೋರ್ಡನ್ನು ನಡುಬೆರಳಿನಿಂದಲೇ ಕುಟ್ಟುತ್ತಿದ್ದರು. ಸಿಟ್ಟಿನಲ್ಲಿದ್ದಾರೋ ಖುಷಿಯಲ್ಲಿದ್ದಾರೋ, ಕುಟ್ಟುವ ಸದ್ದೇ ಹೇಳುತ್ತಿತ್ತು.

ಆ ದಿನ ಸದ್ದು ಜೋರಾಗಿತ್ತು. ಬೆಳೆಗಾರರ ಕೋಲ್ಡ್ ಸ್ಟೋರೇಜ್ ಕಚೇರಿಯಲ್ಲಿ ನಾವು ಮೂವರೇ: ಚೇರಮನ್ನರು, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು, ನನಗೆ ಕಲಿಸಲೆಂದು ಬಂದ ವೈನಿ. ಗೋಡೆಯಾಚೆ ಊರಿನವರ ಒಣದ್ರಾಕ್ಷಿಯೆಲ್ಲ ಪೆಟ್ಟಿಗೆಗಳಲ್ಲಿ ತಣ್ಣಗೆ ಕೂತಿತ್ತು. ತಂಪು ತಪ್ಪಿದರೆ ಹಸಿರು ಕಂದಾಗುತ್ತದೆ. ಕಂದಾದದ್ದನ್ನು ವ್ಯಾಪಾರಿ ಮೂಸಿಯೂ ನೋಡುವುದಿಲ್ಲ. ಆ ತಂಪು ಕಾಯುವ ಪ್ರೋಗ್ರಾಮು, ರೈತರು ಮೊಬೈಲಿನಲ್ಲಿ ತಮ್ಮ ಮಾಲು ನೋಡಿಕೊಳ್ಳುವ ಪುಟ, ಎರಡೂ ಒಂದೇ ಕಂಪ್ಯೂಟರಿನಲ್ಲಿ ನಡೆಯಬೇಕಿತ್ತು. ಒಂದೊಂದು ಪ್ರೋಗ್ರಾಮನ್ನೂ ಅದರ ಸರಂಜಾಮಿನ ಸಮೇತ ಬೇರೆ ಬೇರೆ ಕಟ್ಟಿಡುವ ಗಂಟಿಗೆ ಕಂಟೇನರ್ ಅನ್ನುತ್ತಾರೆ. ಮದುವೆಗೆ ಮುಂಚೆ ನಿಪ್ಪಾಣಿಯ ಕಾಲೇಜೊಂದರಲ್ಲಿ ವೈನಿಯದು ಅದೇ ಕೆಲಸ.

ಪುಟಕ್ಕೆಂದು ನಾನು ಇಂಟರ್ನೆಟ್ಟಿನಿಂದ ಸಿದ್ಧ ಕಂಟೇನರ್ ಇಳಿಸಿಕೊಂಡಿದ್ದೆ. ಚೆಂದಾಗಿ ನಡೆಯುತ್ತಿತ್ತು.

“ಭಾವಜಿ, ಇದನ್ನ ಯಾರ ತುಂಬ್ಯಾರ್ರಿ?” ವೈನಿ ನನ್ನನ್ನು ಕೇಳಿದರು.

“ಗೊತ್ತಿಲ್ಲ ವೈನಿ. ಭಾಳ ಮಂದಿ ಬಳಸ್ತಾರ.”

“ಮ್ಯಾಲಿಂದಷ್ಟ ನೋಡಿ ಮಣೂಕ ತಗೋತೀರೇನ್ರಿ?”

ನಮ್ಮ ಕಡೆ ಮಣೂಕ, ಅಂದರೆ ಒಣದ್ರಾಕ್ಷಿ, ಕೊಳ್ಳುವವರು ಪೆಟ್ಟಿಗೆಯ ತಳದವರೆಗೆ ಕೈ ಇಳಿಸಿ ಹಿಡಿ ತೆಗೆಯುತ್ತಾರೆ. ಮೇಲಿನ ಪದರ ಯಾವಾಗಲೂ ಚೆಂದವೇ. ಕಂಟೇನರನ್ನೂ ಪದರದ ಮೇಲೆ ಪದರವಾಗಿಯೇ ಕಟ್ಟಿರುತ್ತಾರೆ. ವೈನಿ ಅದರ ಪದರಗಳನ್ನೆಲ್ಲ ತಪಾಸಣೆ ಮಾಡುವ ಮುಕ್ತ ತಂತ್ರಾಂಶವೊಂದನ್ನು ಓಡಿಸಿದರು. “ಪುಕ್ಕಟ್ಟೆ ಸಿಗತೈತಿ ಅಂತಲ್ರಿ. ಒಳಗ ಹೆಂಗ ಮಾಡ್ಯಾರ ಅನ್ನೂದನ್ನ ನಾವೂ ನೋಡಾಕ ಬರತೈತಿ, ಅದಕ್ಕ ಇದು.” ಪರದೆ ಕೆಂಪಾಯಿತು. ತಳದ ಪದರದಲ್ಲಿ ಎಂದೋ ಮುಚ್ಚಬೇಕಿದ್ದ, ಕಳ್ಳರು ನುಗ್ಗಬಹುದಾದ ತೂತುಗಳ ಸಾಲು. ಅಳಿಸಿಹಾಕಿ, ಹೊಸದನ್ನು ನಾವೇ ಕಟ್ಟಲು ಕೂತೆವು.

ಚೇರಮನ್ನರಿಗೆ ತಡೆಯಲಿಲ್ಲ. “ಬಾಯಾರ, ನಾಳೆ ರೈತರ ಸಭಾ ಐತ್ರಿ. ನಡ್ಯಾಕತ್ತಿತ್ತಲ್ಲ, ನಡೀಲಿ ಬಿಡಬೇಕಿಲ್ರಿ?”

“ಚೇರಮನ್ನರ, ಕಂಪ್ರೆಸರ್ ಖೋಲಿ ಕೀಲಿ ಎಲ್ಲಾ ಹಮಾಲರಿಗೂ ಕೊಟ್ಟೀರೇನ್ರಿ?”

“ಯಾಕ ಕೊಡ್ಲಿ?”

“ಮತ್ತ ಈ ಪುಟಕ್ಕ್ಯಾಕ ಕೊಡಬೇಕ್ರಿ? ಇಡೀ ಮಷೀನಿನ ಅಧಿಕಾರ ಅದರ ಕೈಯಾಗ ಇತ್ತ.”

ಚೇರಮನ್ನರು ನನ್ನತ್ತ ತಿರುಗಿದರು. “ನಿಮ್ಮ ವೈನಿ ವಕೀಲಕಿ ಆಗಬೇಕಿತ್ತ ನೋಡ್ಲೇ.” ಸಭೆಯ ದಿನ ಪುಟ ತೆರೆಯಲಿಲ್ಲ. ರೈತರು ಬೈದದ್ದರಲ್ಲಿ ನನ್ನ ಪಾಲನ್ನು ಚೇರಮನ್ನರು ಕಡಿಮೆ ಮಾಡದೆ ನನಗೆ ಮುಟ್ಟಿಸಿದರು.

ವೈನಿ ಅವಸರಪಡಲಿಲ್ಲ. ಪುಟಕ್ಕೆ ಬೇಕಾದಷ್ಟೇ ಅಧಿಕಾರ, ಅದರಿಂದ ತಂಪಿನ ಪ್ರೋಗ್ರಾಮಿನತ್ತ ದಾರಿಯೇ ಇಲ್ಲ, ಪಾಸ್‌ವರ್ಡ್ ಕಂಟೇನರಿನೊಳಗೆ ಇಡುವಂತಿಲ್ಲ. ಮಾಡಿ ತೋರಿಸಿ, ಅಳಿಸಿ, “ಈಗ ನೀವ ಮಾಡ್ರಿ” ಅನ್ನುತ್ತಿದ್ದರು. ನಾನು ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ಅಳಿಸುತ್ತಿದ್ದರು. ಅದಕ್ಕಿಂತ ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಮುಂದೆ ಅಣ್ಣನಿಗೆ ರಾಯಬಾಗಕ್ಕೆ ವರ್ಗವಾಗಿ ಅವರಿಬ್ಬರೂ ಹೋದರು. ಶ್ರಾವಣದಲ್ಲಿ, ದರ ಏರುವ ಹೊತ್ತಿಗೆ, ಒಂದು ಬೆಳಿಗ್ಗೆ ನೋಡಿದರೆ ರೈತರ ಪುಟದ ತುಂಬ ಯಾವುದೋ ದೇಶದ ಲಿಪಿ. ಯಾರೋ ಒಳಗೆ ನುಗ್ಗಿದ್ದರು. ವೈನಿಗೆ ಫೋನು ಹಚ್ಚಿದೆ. ಅವರು ಪುಟದ ಸುದ್ದಿಯನ್ನೇ ಎತ್ತಲಿಲ್ಲ.

“ತಂಪ ಎಷ್ಟೈತ್ರಿ?”

ಓಡಿಹೋಗಿ ಗೋಡೆಯ ಮೀಟರು ನೋಡಿದೆ. “ಇರಬೇಕಾದಷ್ಟೇ ಐತ್ರಿ ವೈನಿ.”

“ಹಂಗಾರ ಮೊದಲ ಚಾ ಕುಡೀರಿ. ಆಮ್ಯಾಲ ಎಲ್ಲಿಂದ ಬಂದಾರ ಅನ್ನೂ ಗುರತಾ ತಗದ ಇಟಗೊಂಡು, ಆ ತೂತ ಮುಚ್ಚಿ, ಪುಟಾನ ಕೆಡವಿ ಹೊಸಾದ ಎಬ್ಬಸ್ರಿ.”

ಕಳ್ಳ ಪುಟವೆಂಬ ಪಡಸಾಲೆಗೆ ಬಂದು ಅಲ್ಲೇ ನಿಂತಿದ್ದ. ಒಳಕೋಣೆಯ ಕೀಲಿ ಅವನಿಗೆ ಸಿಕ್ಕಿರಲಿಲ್ಲ. ಕಂಪ್ರೆಸರಿನ ಗುಂಯ್‌ಗುಡುವ ಸದ್ದು ಅಷ್ಟು ಇಂಪಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಊಟದ ಹೊತ್ತಿಗೆ ಪುಟ ಮೊದಲಿನಂತಾಯಿತು. ಚೇರಮನ್ನರು, “ನಿಮ್ಮ ವೈನಿಗೆ ನನ್ನ ನಮಸ್ಕಾರ ಹೇಳು,” ಅಂದರು.

ದೀಪಾವಳಿಗೆ ಅದೇ ತಂಪು ಕೋಣೆಯಿಂದ ಒಣದ್ರಾಕ್ಷಿಯ ಒಂದು ಪೆಟ್ಟಿಗೆ ಹೊತ್ತು ರಾಯಬಾಗಕ್ಕೆ ಹೋದೆ. ವೈನಿ ಟೇಪು ಕೊಯ್ದು, ಮೇಲಿನದನ್ನು ನೋಡದೆ, ಮೊಣಕೈವರೆಗೆ ಕೈ ಇಳಿಸಿದರು.

“ನಮ್ಮ ತ್ವಾಟದ್ದ ಐತ್ರಿ ವೈನಿ!”

“ಇದ್ರ ಇರಲಿ ಬಿಡ್ರಿ,” ಅಂದರು.

ಹಿಡಿಯನ್ನು ಬೆಳಕಿಗೆ ಒಡ್ಡಿ ನೋಡಿದರು. ಹಸಿರು ಹಾಗೇ ಇತ್ತು. ಅರ್ಧ ನನ್ನ ಅಂಗೈಗೆ ಸುರಿದು, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಒಳಗೆ ಒಯ್ದರು.