ರೈಲು ಹಳಿಯ ಮರದ ಹೊಸ್ತಿಲು

ನಮ್ಮಪ್ಪನಿಗೆ ಗೆದ್ದಲಿನ ಮೇಲಿದ್ದ ಹಗೆ ದಾಯಾದಿಗಳ ಮೇಲೂ ಇರಲಿಲ್ಲ. ಗೌಡಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅದು ಎರಡು ಹೊಸ್ತಿಲು ತಿಂದು ಮುಗಿಸಿತ್ತು. ಎರಡನೆಯದು ಅರಿಶಿನ ಕುಂಕುಮ ಹಚ್ಚಿಕೊಂಡು ಮೇಲೆ ನೆಟ್ಟಗೇ ಇತ್ತು, ಒಳಗೆಲ್ಲ ಪೊಳ್ಳು. ಒಂದು ಬೆಳಗ್ಗೆ ತಮ್ಮನ ಪಾದ ಅದರೊಳಕ್ಕೆ ಇಳಿದಾಗಲೇ ನಮಗೆ ಗೊತ್ತಾಗಿದ್ದು. ಕಲ್ಲಿನದು ಹಾಕಿಸಿ ಎಂದು ನಾನು ಹೇಳಿದೆ. ಅವ್ವ ಒಪ್ಪಬೇಕಲ್ಲ!

"ದಿನಾ ಕಲ್ಲಿಗೆ ಅರಿಸ್ನ ಹಚ್ಚೋಕೆ ಇದೇನು ನಾಗರಕಟ್ಟೇನಾ? ಹೊಸ್ಲು ಅಂದ್ರೆ ಮರದ್ದೇ ಬೇಕು. ನಾನಿರೋಗಂಟ ಕೆಡಬಾರ್ದು, ಅಂಥದ್ದು ತರ್ಸಿ."

ಅಪ್ಪ ಶಿರಾದ ಹಳೇ ಮರದ ಅಂಗಡಿಗೆ ಹೋಗಿ, ರೈಲು ಹಳಿಯ ಕೆಳಗೆ ಹಾಸಿದ್ದ ದಿಮ್ಮಿಯೊಂದನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದ. ಕಪ್ಪಗಿತ್ತು, ನಾಲ್ಕು ಜನ ಎತ್ತುವಷ್ಟು ಭಾರವಿತ್ತು, ಹೊಸದಾಗಿ ಟಾರು ಹಾಕಿದ ರಸ್ತೆಯ ವಾಸನೆ ಬರುತ್ತಿತ್ತು. "ಏಕ್‌ದಮ್ ಮಜಬೂತ್ ಮಾಲಂತೆ. ಕ್ರಿಯೋಸೋಟ್ ಅಂತ ಎಣ್ಣೆ ಕುಡ್ಸವ್ರೆ ಇದಕ್ಕೆ. ಗೆದ್ಲು ಮೂಸೂ ನೋಡಲ್ಲ," ಎಂದು ಬೀಗಿದ. ಕುಯ್ಯಲು ಬಂದ ಆಚಾರಿ ಜಿಗುಟು ಹತ್ತಿದ ಗರಗಸ ಒರೆಸಿಕೊಳ್ಳುತ್ತಾ, "ಗೌಡ್ರೇ, ಇದು ಮನೆಗಾಕೋ ಮರ ಅಲ್ಲ," ಅಂದ. "ಕುಯ್ಯೋದಷ್ಟೇ ನಿನ್ ಕೆಲ್ಸ, ಕುಯ್ಯಿ," ಎಂದ ಅಪ್ಪ. ಹೊಸ್ತಿಲು ಕೂತಿತು.

ನಾನು ಮಧುಗಿರಿಯಲ್ಲಿ ಟೀಚರು. ಭಾನುವಾರ ಭಾನುವಾರ ಮನೆಗೆ ಹೋಗುತ್ತೇನೆ. ಶಿವರಾತ್ರಿ ಕಳೆದು ಬಿಸಿಲೇರಿದಂತೆ ಹೊಸ್ತಿಲು ಬೆವರತೊಡಗಿತು. ಅವ್ವ ಹಚ್ಚಿದ ಅರಿಶಿನದ ನಡುವೆ ಕಪ್ಪು ಹನಿಗಳು ಏಳುತ್ತಿದ್ದವು. ಅವಳು ದಿನಾ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಬರಿಗೈಯಲ್ಲಿ ಮತ್ತೆ ಅರಿಶಿನ ಬಳಿದು, ಆಮೇಲೆ ಅಂಗಳದ ಬಿಸಿಲಿನಲ್ಲಿ ಬಿತ್ತನೆ ಕಡ್ಲೆಕಾಯಿ ಸುಲಿಯಲು ಕೂರುತ್ತಿದ್ದಳು. ತಿಂಗಳೊಳಗೆ ಅವಳ ಕೈ ಕೆಂಪಗಾಗಿ, ಗುಳ್ಳೆಯೆದ್ದು, ಸಿಪ್ಪೆ ಏಳಲು ಶುರುವಾಯಿತು.

"ಕಡ್ಲೆಕಾಯಿ ಧೂಳು ಕಣೆ," ಎಂದು ಅವ್ವ ಅದಕ್ಕೂ ಅರಿಶಿನವನ್ನೇ ಹಚ್ಚಿಕೊಂಡಳು. ಶಿರಾದ ಡಾಕ್ಟರು ಕೈಯಲ್ಲಿ ಏನೇನು ಮುಟ್ಟುತ್ತೀರಿ ಎಂದು ಕೇಳಿದರೆ, "ಮನೆಕೆಲ್ಸ," ಎಂದಷ್ಟೇ ಹೇಳಿ ಮುಲಾಮು ತಂದಳು. ಹತ್ತು ದಿನ ಪಾವಗಡದ ಚಿಕ್ಕಮ್ಮನ ಮನೆಯಲ್ಲಿದ್ದು ಬಂದಾಗ ಕೈ ಎಷ್ಟೋ ವಾಸಿಯಾಗಿತ್ತು. ಬಂದ ನಾಲ್ಕೇ ದಿನಕ್ಕೆ ಮತ್ತೆ ಅದೇ ಪಾಡು. ನನಗೆ ಆಗ ಹೊಳೆಯಿತು. ಇದು ಹೊಸ್ತಿಲ ಕೆಲಸ ಎಂದು ಅಪ್ಪನಿಗೆ ಹೇಳಿದೆ.

"ಪಾವಗಡದ ನೀರು ಒಗ್ಗೈತೆ ಅವ್ಳಿಗೆ," ಎಂದ. ಪಾವಗಡದ ನೀರಂತೆ! ಆ ನೀರು ಕುಡಿದು ಚಿಕ್ಕಮ್ಮನ ಮನೆಯವರ ಹಲ್ಲೆಲ್ಲ ಕಂದುಬಣ್ಣಕ್ಕೆ ತಿರುಗಿವೆ.

ತಮ್ಮ ಮೊಬೈಲಿನಲ್ಲಿ ಕ್ರಿಯೋಸೋಟ್ ಎಂದು ಹುಡುಕಿದ. ಮೊದಲು ಬಂದದ್ದೇ ಅಮೆರಿಕದ ಮರುಭೂಮಿಯ ಒಂದು ಪೊದೆ, ಮೈತುಂಬ ಹಳದಿ ಹೂ. ಈ ಗಿಡಕ್ಕೂ ಆ ಎಣ್ಣೆಗೂ ಸಂಬಂಧವಿಲ್ಲ, ವಾಸನೆ ಒಂದೇ ಥರ ಇದೆಯೆಂದು ಗಿಡಕ್ಕೆ ಆ ಹೆಸರು ಬಂತು, ಮರಕ್ಕೆ ಕುಡಿಸುವುದು ಕಲ್ಲಿದ್ದಲ ಟಾರಿನಿಂದ ತೆಗೆದ ಎಣ್ಣೆ, ಅದು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ ಎಂದು ನಾನು ಒಂದೊಂದೇ ಸಾಲು ಓದಿ ಹೇಳಿದೆ. ಅಪ್ಪನ ಕಣ್ಣು ಚಿತ್ರದ ಮೇಲೇ ಇತ್ತು.

"ನೋಡ್ದಾ? ಗಿಡಮೂಲಿಕೆ ಕಣಮ್ಮ! ಮಳೆ ಇಲ್ದಿರೋ ಕಡೇನೇ ಬೆಳೀತದಂತೆ. ನಮ್ ಹೊಲದ ಬದಕ್ಕೂ ಒಂದೆರಡು ತರ್ಸಾನ."

ತಲೆ ತಲೆ ಚಚ್ಚಿಕೊಂಡೆ. ಅಪ್ಪನನ್ನು ಬಿಟ್ಟು ಅವ್ವನಿಗೆ ರಬ್ಬರ್ ಗ್ಲೌಸ್ ತಂದುಕೊಟ್ಟೆ. "ಲಕ್ಷ್ಮಿ ಬರೋ ಜಾಗಕ್ಕೆ ಇಂಗೆ ಚೀಲ ತೊಟ್ಕಂಡು ಅರಿಸ್ನ ಹಚ್ಚೋದಾ? ಥೂ!" ಎಂದು ಅವಳು ಅದನ್ನು ಮೂಲೆಗೆಸೆದಳು. ಗಿಡಕ್ಕೆ ಔಷಧಿ ಹೊಡೆಯಲು ತಮ್ಮ ಎತ್ತಿಕೊಂಡ. ಈ ಮನೆಯಲ್ಲಿ ಬುದ್ಧಿ ಹೇಳುವುದಕ್ಕಿಂತ ಗೋಡೆಗೆ ಹಣೆ ಗಟ್ಟಿಸಿಕೊಳ್ಳುವುದು ವಾಸಿ.

ಬೇಸಿಗೆ ರಜೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಅವ್ವ ಮುದ್ದೆ ಕಟ್ಟಲು ಬಿಸಿ ಹಿಟ್ಟಿಗೆ ಕೈ ಹಾಕಿದವಳು ಚಿಟ್ಟನೆ ಚೀರಿ ಕೈ ತೆಗೆದಳು. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾಳೆಯಿಂದ ಒಂದು ವಾರ ಹೊಸ್ಲು ನೀನೇ ತೊಳಿ. ನೀನೇ ಅರಿಸ್ನ ಹಚ್ಚು. ಆಮೇಲೆ ಬಿಸ್ಲಲ್ಲಿ ಕೂತು ಕಡ್ಲೆಕಾಯಿ ಸುಲಿ."

"ಲೇ, ಗಂಡುಸ್ರು ಹೊಸ್ಲು ತೊಳೆಯೋದುಂಟಾ?"

"ಗೆದ್ಲು ಮುಟ್ದೇ ಇರೋದನ್ನ ಮುಟ್ಟೋಕೆ ನಿಂಗೂ ಹೆದ್ರಿಕೇನಾ?"

ಅಪ್ಪನಿಗೆ ರೋಷ ಬಂದುಬಿಟ್ಟಿತು. ಮಾರನೆಯ ದಿನ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತ. ಎದುರುಮನೆಯವಳು ಬಿಂದಿಗೆ ಇಳಿಸಿ ನಿಂತು ನೋಡಿದಳು. "ಏನ್ ಗೌಡ್ರೇ, ಇವತ್ತು ಲಕ್ಷ್ಮಿ ನಿಮ್ಮನ್ನೇ ಕರೆದ್ಲಾ?" ಎಂದು ನಕ್ಕಳು. ಅಪ್ಪ ನಾರನ್ನು ಇನ್ನೂ ಜೋರಾಗಿ ತಿಕ್ಕಿದ. ಎರಡನೇ ದಿನ, ಮೂರನೇ ದಿನವೂ ತೊಳೆದು, ಅರಿಶಿನ ಹಚ್ಚಿ, ಬಿಸಿಲಲ್ಲಿ ಕೂತು ಕಡ್ಲೆಕಾಯಿ ಸುಲಿದ. ನಾಲ್ಕನೇ ದಿನ ನೋಡಿದರೆ, ದನದ ನೀರಿನ ತೊಟ್ಟಿಯಲ್ಲಿ ಎರಡೂ ಕೈ ಮೊಣಕೈವರೆಗೆ ಮುಳುಗಿಸಿಕೊಂಡು ನಿಂತಿದ್ದ. ಕೈ ಕೆಂಡದ ಬಣ್ಣವಾಗಿತ್ತು. ನನಗೆ ಪಾಪ ಅನ್ನಿಸಿತು, ನಿಜ. ಆದರೂ, "ಗಿಡಮೂಲಿಕೆ ಹೆಂಗೈತೆ?" ಎಂದು ಕೇಳದೆ ಇರಲಾಗಲಿಲ್ಲ.

ಅಪ್ಪ ಹೋಗಿ ಹಾರೆ ತಂದ. ತಮ್ಮನನ್ನು ಕರೆದು ಇಬ್ಬರೂ ಸೇರಿ ಆ ಹೊಸ್ತಿಲನ್ನು ಕಿತ್ತು ಅಂಗಳಕ್ಕೆ ಉರುಳಿಸಿದರು. ಅದನ್ನೇ ನೋಡುತ್ತ ನಿಂತಿದ್ದ ಅವ್ವನ ಕಡೆ ಅಪ್ಪ ತಿರುಗಿದ.

"ನಾಕ್ ದಿನಕ್ಕೆ ನಂಗೆ ಇಂಗಾಯ್ತು. ಇಷ್ಟು ತಿಂಗ್ಳು ಹೆಂಗೆ ತಡ್ಕಂಡಿದ್ದೆ? ಬಾಯ್ಬುಟ್ಟು ಹೇಳೋಕೇನಾಗಿತ್ತು?"

"ಪಾವಗಡದಿಂದ ಬಂದಾಗ್ಲೇ ನಂಗೂ ಗೊತ್ತಾಯ್ತು," ಎಂದಳು ಅವ್ವ. "ಮದ್ವೆ ಆದಾಗ್ಲಿಂದ ಬಾಯ್ಬುಟ್ಟು ಬೇಕು ಅಂತ ಕೇಳಿದ್ದು, ನೀವು ತಂದ್ಕೊಟ್ಟಿದ್ದು, ಅದೊಂದೇಯ. ಅದೂ ಸರಿಯಿಲ್ಲ ಅಂತ ಹೆಂಗನ್ಲಿ?"

ಇಬ್ಬರ ಮೇಲೂ ನನಗೆ ಮೈ ಉರಿದುಹೋಯಿತು. ಅಳುವೂ ಬಂತು. ಅಪ್ಪ ಹಾರೆಯನ್ನು ಕೆಳಗಿಟ್ಟ. ಉರಿಯುತ್ತಿದ್ದ ತನ್ನ ಕೈಯಲ್ಲೇ ಅವಳ ಕೈ ಹಿಡಿದು, ಅತ್ತ ಇತ್ತ ತಿರುಗಿಸಿ, ಬಹಳ ಹೊತ್ತು ನೋಡಿದ. ಅಷ್ಟು ತಿಂಗಳಲ್ಲಿ ಅವನು ಆ ಕೈ ನೋಡಿದ್ದು ಅದೇ ಮೊದಲು.