ಅನ್ನದ ಗಂಜಿ ಹಾಕಿದ ಹನ್ನೆರಡು ಬಟ್ಟೆಗಳು

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಜಪಾನಿನಲ್ಲಿರುವ ಮಗಳು ನನ್ನನ್ನು ಓಜಿಮಾ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದಳು. "ಹಾಶಿಮೊತೊ ಲಾಸ್ಟ್ ಸ್ಟಾಪಮ್ಮ. ನಿದ್ದೆ ಹೋದ್ರೂ ಎಬ್ಬಿಸ್ತಾರೆ. ಆದ್ರೆ ಪಕ್ಕದವರ ಹತ್ರ ಮಾತಾಡ್ಬೇಡ, ಪ್ಲೀಸ್," ಎಂದಳು. ಟಿಕೆಟ್ಟು ಸುಮಾರು ಏಳುನೂರು ಯೆನ್, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ನಾನು ಮಾತಾಡಲಿಲ್ಲ. ಪಕ್ಕದ ಹೆಂಗಸಿನ ಕೈಗೆ ಎರಡು ಕೋಡುಬಳೆ ಇಟ್ಟೆ, ಅಷ್ಟೇ. ಅವರು ಅರಿಗಾತೋ ಎಂದು ವಂದಿಸಿ, ಕರವಸ್ತ್ರದಲ್ಲಿ ಸುತ್ತಿ, ಒಡವೆಯ ಹಾಗೆ ಬ್ಯಾಗಿನಲ್ಲಿಟ್ಟುಕೊಂಡರು.

ಮೈಸೂರಿನ ನಮ್ಮ ಚರ್ಚಿನ ಹೆಂಗಸರೆಲ್ಲ ಓದಲಿ ಎಂದು ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಬರೆಯುವುದು ನಿಧಾನ. ಈ ವಿಷಯಕ್ಕೆ ಅದೇ ಒಳ್ಳೆಯದು.

ನನ್ನ ತಂಗಿಯ ಮಗಳು ಶೀಲಾಳನ್ನು ನೀವು ಬಲ್ಲಿರಿ. ಅವಳ ಗಂಡ ಅಮೆರಿಕನ್ ಸೇನೆಯಲ್ಲಿದ್ದಾನೆ. ಸಗಮಿಹಾರಾದ ಕಡೆ ಅವರ ನೆಲೆ, ನೆಲೆಯೊಳಗೆ ಒಂದು ಚಾಪೆಲ್. ಅಲ್ಲಿನ ಕ್ಯಾಥೊಲಿಕ್ ಹೆಂಗಸರ ಸೇವಾ ಗುಂಪಿಗೆ ಈ ವರ್ಷ ಶೀಲಾಳೇ ಮುಖ್ಯಸ್ಥೆ. ಸ್ಟೇಷನ್ನಿಗೆ ಕಾರು ತಂದಿದ್ದಳು. ನವೆಂಬರ್ ಚಳಿ, ಆದರೆ ಹೊಳೆಯುವ ಬಿಸಿಲು.

ಗೇಟಿನಲ್ಲಿ ಸಿಪಾಯಿ ನನ್ನ ಪಾಸ್‌ಪೋರ್ಟಿನ ಫೋಟೋವನ್ನೂ ನನ್ನ ಮುಖವನ್ನೂ ಮೂರು ಸಲ ನೋಡಿದ. "ಅದು ನಾನಲ್ಲಪ್ಪ, ನಮ್ಮಕ್ಕ," ಎಂದೆ ಇಂಗ್ಲಿಷಿನಲ್ಲಿ. ಶೀಲಾ ಹೌಹಾರಿದಳು. ಅವನು ಬಿದ್ದು ಬಿದ್ದು ನಕ್ಕು ಪಾಸು ಕೊಟ್ಟ.

"ದೊಡ್ಡಮ್ಮ, ಇಲ್ಲಿ ಜೋಕ್ ಮಾಡ್ಬಾರ್ದು!"

"ಪಾಸ್ ಕೊಟ್ನಲ್ಲ?"

ಕಾರಿನಲ್ಲಿ ಶೀಲಾ ತನ್ನ ಕಷ್ಟ ಹೇಳಿಕೊಂಡಳು. ಸೇನೆಯವರಿಗೆ ಎರಡು ಮೂರು ವರ್ಷಕ್ಕೆ ವರ್ಗ. ಹೆಂಗಸರು ಕೆಲಸ ಕಲಿಯುವ ಹೊತ್ತಿಗೆ ಗಂಟು ಕಟ್ಟಬೇಕು. ಇಲ್ಲೇ ಉಳಿದಿರುವವರು ಒಬ್ಬರೇ, ಕಜುಕೊ-ಸಾನ್. ತೀರಿಕೊಂಡ ಅಮೆರಿಕನ್ ಸೈನಿಕರೊಬ್ಬರ ಹೆಂಡತಿ, ವಯಸ್ಸು ಎಪ್ಪತ್ತೆಂಟು. ಬಲಿಪೂಜೆಯ ಬಟ್ಟೆಗಳ ಬೀರುವಿನ ಕೀಲಿ ಮೂವತ್ತು ವರ್ಷದಿಂದ ಅವರದೇ.

"ಕಣ್ಣು ಸ್ವಲ್ಪ ಮಂಜು ಅಷ್ಟೇ. ಆದ್ರೆ ಕಮಿಟಿಯಲ್ಲಿ ಡಯಾನ್ ಅಂತ ಒಬ್ಬಳಿದಾಳೆ, ಅವಳಿಗೆ ಇವರನ್ನ ಬಿಡಿಸಬೇಕು. ಒಂದು ಮಿಸ್ಟೇಕ್‌ಗೆ ಕಾಯ್ತಿದಾಳೆ. ಮನೇಲಿ ಕಜುಕೊ-ಸಾನ್‌ಗೆ ಯಾರೂ ಇಲ್ಲ ದೊಡ್ಡಮ್ಮ. ಈ ಕೆಲಸದಲ್ಲೇ ಅವರ ವಾರ ಕಳೆಯೋದು."

ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಕಜುಕೊ-ಸಾನ್ ತೋಳು ಮಡಚಿ ನಿಂತಿದ್ದರು. ನನಗಿಂತ ಗಿಡ್ಡ. ಬೋಗುಣಿಯಲ್ಲಿ ಹನ್ನೆರಡು ಪುಟ್ಟ ಬಿಳಿ ಬಟ್ಟೆಗಳು. ಪರಮಪ್ರಸಾದದ ಹೊತ್ತಿನಲ್ಲಿ ಜನ ದ್ರಾಕ್ಷಾರಸದ ಪಾತ್ರೆಗೆ ಬಾಯಿಟ್ಟ ಮೇಲೆ ಅಂಚು ಒರೆಸುವ ಬಟ್ಟೆಗಳು ಅವು. ಪೂಜೆಯ ದ್ರಾಕ್ಷಾರಸ ತಾಗಿದ ಮೊದಲ ನೀರನ್ನು ಅವರು ಮೋರಿಗೆ ಚೆಲ್ಲಲಿಲ್ಲ. ಹೊರಗೆ ಕ್ಯಾಮೆಲಿಯಾ ಗಿಡದ ಬುಡಕ್ಕೆ ಹೊಯ್ದು, ತಲೆ ಬಾಗಿಸಿ ಬಂದರು.

"ನಮ್ಮ ದೊಡ್ಡಮ್ಮ ಮೈಸೂರಲ್ಲಿ ನಲವತ್ತು ವರ್ಷ ಚರ್ಚಿನ ಪೀಠದ ಕೆಲಸ ಮಾಡಿದ್ದಾರೆ," ಎಂದು ಶೀಲಾ ಪರಿಚಯಿಸಿದಳು.

"ಇವನ್ನೂ ಒಗೆಯುತ್ತಿದ್ದಿರಾ?" ಕಜುಕೊ-ಸಾನ್ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ. ನಾನು ಕಟ್ಟಿದ್ದು ಹೂವು, ಗಂಜಿ ಹಾಕಿದ್ದು ಪೀಠದ ದೊಡ್ಡ ಹಾಸುಬಟ್ಟೆಗೆ. ಈ ಪುಟ್ಟ ಬಟ್ಟೆಗಳನ್ನು ನಮ್ಮಲ್ಲಿ ಸಿಸ್ಟರುಗಳು ಮಾತ್ರ ಮುಟ್ಟುತ್ತಿದ್ದರು. ಅದು ನಿಮಗೂ ಗೊತ್ತು, ನನಗೂ ಗೊತ್ತು.

ಶನಿವಾರ ಮಧ್ಯಾಹ್ನ ಈ ಹೆಂಗಸರು ಒಂಟಿ ಸಿಪಾಯಿಗಳಿಗೆ ಊಟ ಹಾಕುತ್ತಾರೆ. ಮೂವತ್ತು ಜನಕ್ಕೆ ಕೋಳಿ ಸಾರು ಮಾಡಿ, ನಮ್ಮ ಹಾಗೆ ಅನ್ನ ಬಸಿದೆ. ಪಾತ್ರೆ ತುಂಬ ಗಟ್ಟಿ ಗಂಜಿ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ. ನಾಲ್ಕು ಗಂಟೆಗೆ ಕಜುಕೊ-ಸಾನ್, ನಾಳೆ ಬೆಳಿಗ್ಗೆ ಬಂದು ಇಸ್ತ್ರಿ ಮಾಡುತ್ತೇನೆಂದು ಬಟ್ಟೆಗಳನ್ನು ಹಗ್ಗದ ಮೇಲೆ ಬಿಟ್ಟು ಬಸ್ಸಿಗೆ ಹೋದರು. ಶೀಲಾ ಹೂ ತರಲು ಹೋದಳು. ಕೋಣೆಯಲ್ಲಿ ನಾನು, ಇಸ್ತ್ರಿಪೆಟ್ಟಿಗೆ, ಗಂಜಿ.

ಹನ್ನೆರಡನ್ನೂ ಅದ್ದಿದೆ, ಹಿಂಡಿದೆ, ಇಸ್ತ್ರಿ ಹೊಡೆದು ಬೀರುವಿನ ಮೇಲೆ ಜೋಡಿಸಿದೆ. ನಾಳೆ ಎಲ್ಲರೂ ಬೆರಗಾದ ಮೇಲೆ, "ಅಯ್ಯೋ, ಅದೇನು ಮಹಾ," ಎನ್ನೋಣವೆಂದು ಯಾರಿಗೂ ಹೇಳಲಿಲ್ಲ. ರಾತ್ರಿ ಶೀಲಾಳ ಮನೆಯಲ್ಲಿ ಚೆನ್ನಾಗಿ ನಿದ್ದೆ ಬಂತು. ಈಗ ಅದೂ ನಾಚಿಕೆಯೇ.

ಭಾನುವಾರ ಯಾವುದೋ ಓಟದ ಸ್ಪರ್ಧೆಗೆ ರಸ್ತೆ ಮುಚ್ಚಿದ್ದರು. ಬಸ್ಸು ಸುತ್ತಿ ಬಂದು, ಕಜುಕೊ-ಸಾನ್ ಒಳಗೆ ಬರುವಾಗ ಪೂಜೆ ಶುರುವಾಗಿತ್ತು. ಅವರೇ ಶನಿವಾರ ಇಸ್ತ್ರಿ ಮುಗಿಸಿದ್ದಾರೆಂದುಕೊಂಡು ಶೀಲಾ ಅವಸರದಲ್ಲಿ ಬಟ್ಟೆಗಳನ್ನು ಪಾತ್ರೆಗಳ ಪಕ್ಕ ಇಟ್ಟುಬಿಟ್ಟಿದ್ದಳು.

ಮೂರನೆಯವರು ಕುಡಿದ ಮೇಲೆ ಡಯಾನ್ ಪಾತ್ರೆಯ ಅಂಚು ಒರೆಸಿದಳು. ಬಟ್ಟೆ ಹೀರಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ದ್ರಾಕ್ಷಾರಸ ಜಾರಿತು. ಒತ್ತಿ ಒರೆಸಿದಳು. ಎರಡು ಹನಿ ಕಾರ್ಪೆಟ್ಟಿನ ಮೇಲೆ ಬಿತ್ತು.

ಹೊರಗಿನವರಿಗೆ ಅದು ಎರಡು ಹನಿ. ನಮಗೆ ಅದು ಪ್ರಭುವಿನ ರಕ್ತವೆಂದು ನಿಮಗೆ ಹೇಳಬೇಕಿಲ್ಲ. ಸಾಲು ನಿಂತಿತು. ಸೇನೆಯ ಫಾದರ್, ಆರಡಿ ಎತ್ತರದ ಮನುಷ್ಯ, ಮಂಡಿಯೂರಿ ನೀರು ಹಾಕಿ ಒರೆಸಿದರು. 

ಪೂಜೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಡಯಾನ್ ಒಂದು ಬಟ್ಟೆ ಎತ್ತಿ ಹಿಡಿದಳು. ಅದು ಮಡಿಕೆ ಬಿಡದೆ ನೆಟ್ಟಗೆ ನಿಂತಿತು. "ಸ್ಟಾರ್ಚ್! ಒರೆಸುವ ಬಟ್ಟೆಗೆ! ಶೀಲಾ, ನಾನು ಹೇಳಲಿಲ್ಲವಾ? ಅವರ ಕಾಲ ಮುಗೀತು."

ಕಜುಕೊ-ಸಾನ್ ಬಟ್ಟೆಯನ್ನು ತೆಗೆದುಕೊಂಡು ಬೆರಳಿನಲ್ಲಿ ಉಜ್ಜಿದರು. ಮೂಗಿಗೆ ಹಿಡಿದರು. ನನ್ನನ್ನು ನೋಡಿದರು. ಆಮೇಲೆ ಡಯಾನ್ ಕಡೆ ತಿರುಗಿ ಸೊಂಟದವರೆಗೆ ಬಾಗಿ, "ಸುಮಿಮಾಸೆನ್, ಕ್ಷಮಿಸಿ. ಬಟ್ಟೆಯ ಜವಾಬ್ದಾರಿ ನನ್ನದು," ಎಂದರು. ಕೊರಳಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ಆಗ ನನ್ನ ಕೈಯಲ್ಲಿ ಡೋನಟ್ ಇತ್ತು. ಬಾಯಿ ತೆರೆದೆ. ತೆರೆದ ಬಾಯಿಗೆ ಡೋನಟ್ ಹಾಕಿಕೊಂಡೆ. ಹೌದು, ತಿಂದೆ, ಪೂರ್ತಿ ತಿಂದೆ. ಅಷ್ಟರಲ್ಲಿ ಅವರು ಬಟ್ಟೆಗಳನ್ನು ಜಾಲಿಸಿ, ನೀರನ್ನು ಗಿಡದ ಬುಡಕ್ಕೆ ಹೊಯ್ದು, ಹನ್ನೆರಡನ್ನೂ ಒಂದು ಚೌಕ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೊರಟುಹೋದರು. ಗಂಜಿ ಬಿಡಿಸಲು ಮನೆಗೆ ಒಯ್ಯುತ್ತಾರೆಂದು ಹೇಳಿ ಶೀಲಾ ಕಣ್ಣೊರೆಸಿಕೊಂಡಳು. ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಗೇಟಿನಲ್ಲಿ ಪಾಸು ಹಿಂದಿರುಗಿಸಿದೆ. ಅದೇ ಸಿಪಾಯಿ. "ಹೇಗಿದ್ದಾರೆ ನಿಮ್ಮ ಅಕ್ಕ?" ಎಂದು ನಕ್ಕ.

"ಸುಳ್ಳಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಶೀಲಾ ನನ್ನ ಮುಖ ನೋಡಿದಳು.

"ಶೀಲಾ, ಗಂಜಿ ಹಾಕಿದ್ದು ನಾನು ಕಣೇ."

ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. "ಅಲ್ಲೇ ನಿಂತಿದ್ರಲ್ಲ ದೊಡ್ಡಮ್ಮ. ನಿಮ್ಮ ಎದುರಿಗೇ ಅಲ್ವಾ..." ಬೈದಿದ್ದರೆ ಹಗುರವಾಗುತ್ತಿತ್ತು. ಎದುರಿನ ನಿಲ್ದಾಣದಿಂದ ಬಸ್ಸು ಹೊರಟಿತ್ತು, ಕಿಟಕಿಯಲ್ಲಿ ಕಜುಕೊ-ಸಾನ್ ಅವರ ಬಿಳಿಗೂದಲು. ನಾವು ಹಿಂದೆಯೇ ಹೋದೆವು. ಜಪಾನಿನಲ್ಲಿ ಹಾರ್ನ್ ಹೊಡೆಯುವುದಿಲ್ಲ, ಓವರ್‌ಟೇಕ್ ಮಾಡುವುದಿಲ್ಲ. ಒಂಬತ್ತು ಸ್ಟಾಪು ಬಸ್ಸಿನ ಹಿಂದೆ ಮೆರವಣಿಗೆಯಂತೆ ನಿಂತು ನಿಂತು ಸ್ಟೇಷನ್ ತಲುಪಿದೆವು.

ಕೊಂಬಿನಿ ಅಂಗಡಿಯ ಮುಂದೆ ಅವರನ್ನು ಹಿಡಿದೆ. "ಗಂಜಿ ನನ್ನದು. ನಲವತ್ತು ವರ್ಷ ಈ ಬಟ್ಟೆ ಮುಟ್ಟಿಯೂ ಇಲ್ಲ. ಸುಳ್ಳು ಹೇಳಿದೆ," ಎಂದೆ.

"ಗೊತ್ತಾಯಿತು. ಅನ್ನದ ವಾಸನೆ. ನಮ್ಮ ಅಮ್ಮನೂ ಬೇಸಿಗೆ ಬಟ್ಟೆಗೆ ಹಾಕುತ್ತಿದ್ದರು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಹೇಳುತ್ತೀರಿ ಅಂತ ಕಾದೆ."

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿಗೆ ಕಾದೆ ಎನ್ನುವ ಹಾಗೆ ಹೇಳಿದರು.

ಶೀಲಾ ಡಯಾನ್‌ಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟಳು. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡೆ. ಡಯಾನ್ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಕಜುಕೊ-ಸಾನ್‌ಗೆ ಕೊಡಿ," ಎಂದಳು. ಕಜುಕೊ-ಸಾನ್ ಫೋನಿಗೇ ಮೂರು ಸಲ ಬಾಗಿದರು. ಶೀಲಾ ಎರಡೂ ಕೈಯಲ್ಲಿ ಚಾಚಿದ ಕೀಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡರು. ನಂತರ ಗಂಟು ಬಿಚ್ಚಿ, ಆರು ಒದ್ದೆ ಬಟ್ಟೆ ಎಣಿಸಿ ನನಗೆ ಕೊಟ್ಟರು.

"ಅರ್ಧ ನಿಮ್ಮದು. ಇಸ್ತ್ರಿ ಬೇಡ."

ಹಿಂದಿರುಗುವ ರೈಲಿನಲ್ಲಿ ಯಾರಿಗೂ ಕೋಡುಬಳೆ ಕೊಡಲಿಲ್ಲ. ಒದ್ದೆ ಗಂಟು ತೊಡೆಯ ಮೇಲಿತ್ತು, ಸೀರೆ ನೆನೆಯಿತು.

"ಟ್ರಿಪ್ ಹೇಗಿತ್ತಮ್ಮ? ಹೆಲ್ಪ್ ಮಾಡಿದ್ಯಾ ಅವರಿಗೆ?" ಮಗಳು ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು. ನಾನು ಬಿಸಿನೀರು ಬದಲಾಯಿಸುತ್ತಿದ್ದೆ, ನಾಲ್ಕನೆಯ ಸಲ. ಹಿಂಡಿ ಬಾಲ್ಕನಿಯಲ್ಲಿ ಒಣಗಿಸಿ, ಒಂದೊಂದರ ಮೂಲೆಯನ್ನೂ ಲೋಟದ ನೀರಿಗೆ ಮುಟ್ಟಿಸಿ ನೋಡಿದೆ. ಐದರಲ್ಲಿ ನೀರು ತಾನಾಗಿ ಮೇಲಕ್ಕೇರಿತು. ಆರನೆಯದರಲ್ಲಿ ಅಂಚಿಗೇ ನಿಂತಿತು. ಅದನ್ನು ಮತ್ತೆ ಬಕೆಟ್ಟಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಕೂತೆ.