ಚಾಕ್‌ಪೀಸ್ ಮೇಷ್ಟ್ರು

ಶಿಶುವಿಹಾರದ ಗೇಟಿನ ಮುಂದೆ ಕಾರನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಹತ್ತಿರ ಒಂದು ಸದ್ದು ಬರುತ್ತದೆ, ಯಾರೋ ನೆಲದ ಮೇಲೆ ಚಪ್ಪಲಿ ಎಳೆದಂತೆ. ಹೋದ ಭಾನುವಾರ ನಮ್ಮ ಮನೆಯವರು ಎಸ್‌ಯುವಿಗೆ ದೊಡ್ಡ ಚಕ್ರ ಹಾಕಿಸಿಕೊಂಡು ಬಂದಾಗಿನಿಂದ ಆ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಹೊಸ ರಬ್ಬರು, ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತೆ ಅಂದರು. ಹೊಂದಿಕೊಳ್ಳುವುದಕ್ಕೆ ಅದೇನು ಹೊಸ ಸೊಸೆಯೇ? ಶನಿವಾರ ಮಗುವನ್ನೂ ಅಕ್ಕನ ಮನೆಯವರನ್ನೂ ತುಂಬಿಕೊಂಡು ಬೆಟ್ಟದ ರಸ್ತೆ ಹತ್ತಬೇಕಿತ್ತು.

ಕೇಳಲು ಜನ ಇರಲಿಲ್ಲವೆಂದಲ್ಲ. ನಮ್ಮ ಮಾವ ಮೂವತ್ತೆಂಟು ವರ್ಷದಿಂದ ಟೈರ್ ಅಂಗಡಿ ನಡೆಸುತ್ತಿದ್ದಾರೆ. ತೊಡಕು ಇದ್ದದ್ದೇ ಅಲ್ಲಿ. ಇವರು ಅಪ್ಪನ ಅಂಗಡಿ ದಾಟಿಕೊಂಡು ಹೋಗಿ, ಗಾಜಿನ ಬಾಗಿಲಿನ ಶೋರೂಮಿನಲ್ಲಿ ಚಕ್ರ ಹಾಕಿಸಿದ್ದರು. ಅಪ್ಪನಿಗೆ ಬೇಜಾರಾಗುತ್ತದೆ, ಹೇಳಬೇಡ ಎಂದು ನನ್ನಿಂದ ಭಾಷೆಯನ್ನೂ ತೆಗೆದುಕೊಂಡಿದ್ದರು.

ಮಾವನನ್ನು ಗಿರಾಕಿಗಳು ಚಾಕ್‌ಪೀಸ್ ಮೇಷ್ಟ್ರು ಅನ್ನುತ್ತಾರೆ. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬೇರೆಯವರ ಜೇಬಿನಲ್ಲಿ ಪೆನ್ನಿರುವ ಜಾಗದಲ್ಲಿ ಅವರಿಗೆ ಚಾಕ್‌ಪೀಸ್. ಲಾರಿ ಶೆಡ್ಡಿನಲ್ಲಿ ಪಂಕ್ಚರ್ ಹಾಕುತ್ತಾ ಶುರುಮಾಡಿದವರು. ಹೆಬ್ಬೆರಳಿನಲ್ಲಿ ಒತ್ತಿ ಗಾಳಿ ಎಷ್ಟಿದೆಯೆಂದು ಹೇಳಿಬಿಡುತ್ತಾರೆ, ಆಮೇಲೆ ಮೀಟರ್ ಹಚ್ಚುತ್ತಾರೆ. ಯಾಕೆಂದರೆ, ಮೀಟರ್ ಸರಿಯಿದೆಯಾ ಅಂತ ನೋಡಬೇಕಲ್ಲ ಅನ್ನುತ್ತಾರೆ.

ಮದುವೆಯಾದ ಹೊಸದರಲ್ಲಿ ನಾನು, ಅಷ್ಟೆಲ್ಲ ಓದಿದವಳು, ಟೈರಿನ ಪಕ್ಕದ ಸಂಖ್ಯೆಯನ್ನು ಕಾರ್ಖಾನೆಯ ಬ್ಯಾಚ್ ನಂಬರ್ ಅಂದುಕೊಂಡಿದ್ದೆ. ಮಾವ ನಗಲಿಲ್ಲ. ಅಂಗಡಿಯ ನೆಲದ ಮೇಲೆ ನಮ್ಮ ಗಾಡಿಯದೇ ಸಂಖ್ಯೆ, 235/65, 17 ಎಂದು ಬರೆದರು. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಆ ಅಗಲದ ನೂರಕ್ಕೆ ಅರವತ್ತೈದು ಪಾಲು. ಕೊನೆಯದು ಒಳಗಿನ ಲೋಹದ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ವಿಚಾರಿಸಬೇಕು ಎಂದರು.

ದೊಡ್ಡ ಚಕ್ರ ಬೇಕೆಂದು ಬಂದವರಿಗೆ ಅವರ ಮೊದಲ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ ಎಂಬುದು. ಒಮ್ಮೆ ಒಬ್ಬ ಗುತ್ತಿಗೆದಾರರು ಹೊಸ ಗಾಡಿ ತಂದು, ಈಗಲೇ ಹಾಕಿ ಎಂದು ಪಟ್ಟು ಹಿಡಿದರಂತೆ. ಮಾವ ಮುಂದಿನ ಎರಡು ಚಕ್ರ ಮಾತ್ರ ತೊಡಿಸಿ, ಅವರ ಹೆಂಡತಿ, ಮಕ್ಕಳು, ಅತ್ತೆ ಎಲ್ಲರನ್ನೂ ಕರೆಸಿ ಗಾಡಿಯಲ್ಲಿ ಕೂರಿಸಿದರು. ಟೈರಿನ ಅಂಚಿಗೆ ಸುತ್ತಲೂ ಚಾಕ್‌ಪೀಸ್ ಬಳಿದು, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ರಸ್ತೆಯ ಉಬ್ಬು ಹತ್ತಿಳಿಸಲು ಹೇಳಿದರು. ಬಿಳುಪು ಅಳಿಸಿಹೋದರೆ ಟೈರು ಒಳಗೆಲ್ಲೋ ತಾಗುತ್ತಿದೆ ಎಂದರ್ಥ. ಅಳಿಸಿಹೋಗಿತ್ತು.

"ಖಾಲಿ ಗಾಡಿಗೆ ಎಲ್ಲಾ ಟೈರೂ ಸರಿಹೋಗುತ್ತೆ ಸ್ವಾಮಿ. ನಿಮ್ಮತ್ತೆ ಕೂತ ಮೇಲೂ ಸರಿಹೋಗ್ಬೇಕಲ್ಲ."

ಅತ್ತೆ ಕಿಟಕಿಯಿಂದ ದುರುಗುಟ್ಟಿ ನೋಡಿದರಂತೆ. ಈಗ ಆ ಮನೆಯ ಗಾಡಿಗಳೆಲ್ಲ ಮಾವನ ಅಂಗಡಿಗೇ ಬರುತ್ತವೆ.

ಶೋರೂಮಿನಲ್ಲಿ ನಮ್ಮ ಗಾಡಿ ಖಾಲಿಯಿತ್ತು.

ಗುರುವಾರ ಬೆಳಿಗ್ಗೆ ಇವರು ಆಫೀಸಿನ ಬಸ್ಸು ಹತ್ತಿದ ಮೇಲೆ, ಮಗುವಿನ ಬಳಪ ತೆಗೆದುಕೊಂಡು ಟೈರಿನ ಅಂಚಿಗೆ ಬಳಿದೆ. ಅಕ್ಕಪಕ್ಕದ ಮನೆಯ ನಾಲ್ವರು ಅಕ್ಕಂದಿರನ್ನು ಕರೆದು ಕಾರಿನಲ್ಲಿ ಕೂರಿಸಿದೆ. ಎಲ್ಲಿಗೆ ಹೊರಟಿದ್ದೀವಿ ಎಂದು ಕೇಳಿದರು. ಎಲ್ಲಿಗೂ ಇಲ್ಲ ಅಂದೆ. ಒಬ್ಬರು ಆಗಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಬೀದಿಯ ಉಬ್ಬನ್ನು ಎರಡು ಸಲ ಹತ್ತಿಳಿದು, ಕೆಳಗಿಳಿದು ಬಗ್ಗಿ ನೋಡಿದೆ. ಎಡ ಚಕ್ರದ ಒಳ ಅಂಚಿನಲ್ಲಿ ಗೇಣುದ್ದ ಬಿಳುಪು ಹೋಗಿತ್ತು.

ಕಣ್ಣಿಗೆ ಕಂಡ ಮೇಲೆ ಎದೆ ಹಗುರಾಯಿತು. ಇನ್ನು ಉಳಿದದ್ದು ಕೊಟ್ಟ ಭಾಷೆಯೊಂದೇ. ಇವರಿಗೆ ಫೋಟೋ ಕಳಿಸಿ, ಮಾವನಿಗೆ ಹೇಳುತ್ತಿದ್ದೇನೆ ಎಂದು ಬರೆದೆ. ಉತ್ತರಕ್ಕೆ ಕಾಯದೆ ಫೋನ್ ಮಾಡಿದೆ.

ಮಾವ ಪೂರ್ತಿ ಕೇಳಿಸಿಕೊಂಡರು. ಎಲ್ಲಿ ಹಾಕಿಸಿದಿರಿ ಎನ್ನಲಿಲ್ಲ.

"ಸಂಖ್ಯೆ ಓದಮ್ಮ."

"265/60, 18."

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಇಡೀ ಚಕ್ರದ ಎತ್ತರ ಹತ್ರಹತ್ರ ನಾಲ್ಕು ಸೆಂಟಿಮೀಟರ್ ಜಾಸ್ತಿ ಆಯ್ತು, ಅಗಲ ಮೂರು. ತಾಗದೆ ಇನ್ನೇನು? ಮೀಟರ್ ಎಂಬತ್ತು ತೋರಿಸಿದಾಗ ಗಾಡಿ ಎಂಬತ್ನಾಲ್ಕರಲ್ಲಿ ಓಡ್ತಿರುತ್ತೆ. ಹಳೇ ಚಕ್ರ ಇದೆಯೋ, ಕೊಟ್ಟುಬಿಟ್ರೋ?"

"ಬಾಲ್ಕನಿಯಲ್ಲಿದೆ ಮಾವ."

"ಹಾಗಾದ್ರೆ ಸಂಜೆ ಬರ್ತೀನಿ. ಅವನಿಗೂ ಬೇಗ ಬರೋಕೆ ಹೇಳು. ನಾಲ್ಕು ಚಕ್ರ ಕೆಳಗಿಳಿಸೋಕೆ ನನ್ನೊಬ್ಬನ ಸೊಂಟ ಸಾಲಲ್ಲ."